ಕ್ಯಾಥೋಡಿನೊಳಗಿನ ಎರಡು ದಾರಿ

ಮಳೆಗಾಲ ಹಿಡಿದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಒಂಟಿಮನೆಗಳಲ್ಲಿ ಕರೆಂಟನ್ನು ನಂಬುವಂತಿಲ್ಲ. ಮರ ಬಿದ್ದು ಲೈನ್ ಹರಿದರೆ ಯುಪಿಎಸ್ಸೇ ಗತಿ. ಆ ಯುಪಿಎಸ್‌ನ ಸೀಸದ ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕುತ್ತೇವಲ್ಲ, ಏಕೆ? ಒಳಗಿನ ಪ್ಲೇಟುಗಳು ಆಮ್ಲದಲ್ಲಿ ಮುಳುಗಿರಬೇಕು. ಮಟ್ಟ ಇಳಿದು ಪ್ಲೇಟಿನ ಮೇಲ್ತುದಿ ಒಣಗಿತೆಂದರೆ ಅಷ್ಟು ಭಾಗ ದಂಡ, ಏಕೆಂದರೆ ಅಯಾನುಗಳು ಓಡಾಡುವುದು ಆ ದ್ರವದಲ್ಲಿ.

ಮೊಬೈಲಿನ ಲಿಥಿಯಂ ಬ್ಯಾಟರಿಯಲ್ಲೂ ದ್ರವವಿದೆ, ಅದು ಬೆಂಕಿ ಹಿಡಿಯುವಂಥದ್ದು. ಅದನ್ನು ತೆಗೆದು ಅಯಾನು ಹರಿಯುವ ಘನವಸ್ತುವನ್ನೇ, ಅಂದರೆ ಘನ ಎಲೆಕ್ಟ್ರೊಲೈಟನ್ನು, ಇಟ್ಟರೆ ಅದು ಘನಸ್ಥಿತಿ ಬ್ಯಾಟರಿ. 2011ರಲ್ಲಿ ಜಪಾನಿನ ರ್‍ಯೋಜಿ ಕಾನ್ನೊ ಮತ್ತು ಸಂಗಡಿಗರು ಜರ್ಮೇನಿಯಂ, ರಂಜಕ, ಗಂಧಕ ಬೆರೆತ ಒಂದು ಲಿಥಿಯಂ ಸಂಯುಕ್ತವನ್ನು ವಿವರಿಸಿದರು. ಅದರಲ್ಲಿ ಕೊಠಡಿಯ ಉಷ್ಣತೆಯಲ್ಲೇ ಅಯಾನು ವಾಹಕತೆ ಸೆಂ.ಮೀ.ಗೆ 12 ಮಿಲಿಸೀಮೆನ್ಸ್, ದ್ರವಕ್ಕೆ ಸರಿಸಾಟಿ. ಹಾಗಿದ್ದರೂ ತೊಡಕು ತೀರಲಿಲ್ಲ. ದೊಡ್ಡ ತೊಡಕು ಇರುವುದು ಕ್ಯಾಥೋಡಿನಲ್ಲಿ.

ಬ್ಯಾಟರಿಯ ಧನ ತುದಿಯಾದ ಕ್ಯಾಥೋಡ್ ಅಂದರೆ ಒತ್ತಿ ಗಟ್ಟಿ ಮಾಡಿದ ಪುಡಿ. ಲಿಥಿಯಂ ಹಿಡಿದಿಡುವ ಆಕ್ಸೈಡಿನ ಕಣಗಳು, ಘನ ಎಲೆಕ್ಟ್ರೊಲೈಟಿನ ಕಣಗಳು, ಒಂದಿಷ್ಟು ಇಂಗಾಲ. ಬ್ಯಾಟರಿ ಕೆಲಸ ಮಾಡುವಾಗ ಲಿಥಿಯಂ ಅಯಾನು ಒಂದು ಕಡೆಯಿಂದ ಎಲೆಕ್ಟ್ರೊಲೈಟ್ ಹಿಡಿದು ಬರುತ್ತದೆ, ಎಲೆಕ್ಟ್ರಾನ್ ಎದುರು ಕಡೆಯ ಅಲ್ಯೂಮಿನಿಯಂ ಹಾಳೆಯಿಂದ ಇಂಗಾಲ ಹಿಡಿದು ಬರುತ್ತದೆ. ಎರಡೂ ಒಂದೇ ಕಣಕ್ಕೆ ಬಂದು ಮುಟ್ಟಬೇಕು. ಒಂದು ದಾರಿ ಕಡಿದರೂ ಆ ಕಣ ಬರೀ ಭಾರ.

ದಾರಿ ಇದ್ದರೂ ಅದು ನೇರವಾಗಿರುವುದಿಲ್ಲ. ಶರಾವತಿ ಹಿನ್ನೀರಿನ ಅಂಬಾರಗೋಡ್ಲು, ಕಳಸವಳ್ಳಿ ದಡಗಳ ನಡುವೆ ಇರುವುದು ಎರಡು ಚಿಲ್ಲರೆ ಕಿಲೋಮೀಟರ್. ಆದರೂ 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆಯುವ ತನಕ ಲಾಂಚ್ ತಪ್ಪಿದ ಆಚೆ ದಡದ ತುಮರಿ ಸೀಮೆಯವರು ಸಾಗರ ಪೇಟೆಗೆ ಊರೆಲ್ಲ ಸುತ್ತಿ ಬರಬೇಕಿತ್ತು. ಕ್ಯಾಥೋಡಿನೊಳಗಿನ ಅಯಾನಿನ ಪಾಡೂ ಅದೇ. ಇಂಗಾಲದೊಳಗೆ ಅದಕ್ಕೆ ದಾರಿಯಿಲ್ಲ, ಗಾಳಿ ತುಂಬಿದ ಪೊಳ್ಳಿನಲ್ಲಂತೂ ಇಲ್ಲವೇ ಇಲ್ಲ. ಸುತ್ತು ಹೆಚ್ಚಿದಷ್ಟೂ ವಾಹಕತೆ ಕುಸಿಯುತ್ತದೆ. ಶುದ್ಧ ಎಲೆಕ್ಟ್ರೊಲೈಟಿನಲ್ಲಿ ಅಳೆದದ್ದರ ಹತ್ತನೇ ಒಂದು ಪಾಲಿಗೆ ಇಳಿಯುವುದು ಅಪರೂಪವೇನಲ್ಲ.

ಎಲೆಕ್ಟ್ರೊಲೈಟ್ ಹೆಚ್ಚು ಬೆರೆಸಿದರೆ ಅಯಾನಿಗೆ ಸಲೀಸು, ಆದರೆ ಲಿಥಿಯಂ ಹಿಡಿಯುವ ವಸ್ತು ಕಡಿಮೆಯಾಯಿತು. ಇಂಗಾಲ ಹೆಚ್ಚಿಸಿದರೆ ಅದನ್ನು ಮುಟ್ಟಿದ ಗಂಧಕದ ಎಲೆಕ್ಟ್ರೊಲೈಟ್ ಚಾರ್ಜ್ ಆಗುವಾಗ ಕೆಡುತ್ತದೆ. ಎಲೆಕ್ಟ್ರೊಲೈಟಿನ ಕಣ ಆಕ್ಸೈಡ್ ಕಣಕ್ಕಿಂತ ಚಿಕ್ಕದಿದ್ದರೆ ಸಂದುಗಳನ್ನು ಚೆನ್ನಾಗಿ ತುಂಬುತ್ತದೆ ಎಂಬುದು ಈಚಿನ ವರ್ಷಗಳಲ್ಲಿ ಖಚಿತವಾದ ಪಾಠ. ಯಾವ ದಾರಿ ಸೋತಿದೆ ಎಂದು ಪತ್ತೆಹಚ್ಚುವ ಉಪಾಯ ಚೆಂದವಿದೆ: ಪುಡಿಯ ಬಿಲ್ಲೆಯ ಎರಡೂ ಬದಿಗೆ ಅಯಾನನ್ನು ಒಳಬಿಡದ ಲೋಹ ಇಟ್ಟು ವೋಲ್ಟೇಜ್ ಕೊಟ್ಟರೆ, ಸ್ವಲ್ಪ ಹೊತ್ತಿನಲ್ಲಿ ಉಳಿಯುವ ಕರೆಂಟು ಎಲೆಕ್ಟ್ರಾನಿನದು ಮಾತ್ರ. ಎಲೆಕ್ಟ್ರಾನನ್ನು ತಡೆಯುವ ಪದರ ಇಟ್ಟು ಅಯಾನಿನ ಪಾಲನ್ನೂ ಹೀಗೇ ಬೇರೆ ಅಳೆಯುತ್ತಾರೆ.

ಇಷ್ಟಾದರೂ ಬಿಲ್ಲೆ ಹಾಗೇ ಉಳಿಯುವುದಿಲ್ಲ. ಲಿಥಿಯಂ ಹೊಕ್ಕು ಹೊರಟಂತೆ ಆಕ್ಸೈಡ್ ಕಣ ಹಿಗ್ಗಿ ಕುಗ್ಗುತ್ತದೆ. ದ್ರವವಾದರೆ ಬಿರುಕಿಗೂ ಇಳಿಯುತ್ತದೆ, ಘನಕ್ಕೆ ಆ ಗುಣವಿಲ್ಲ. ಸಂಪರ್ಕ ಬಿಡದಂತೆ ಹೊರಗಿನಿಂದ ಒತ್ತಿ ಹಿಡಿಯಬೇಕು. ಸಂಪರ್ಕದ ಈ ಕಾಟ ಋಣ ತುದಿಯಾದ ಆನೋಡಿನಲ್ಲೂ ಇದೆ. ಅಲ್ಲಿ ಲಿಥಿಯಂ ಲೋಹದ ಅಂಚಿನಲ್ಲಿ ಹುಟ್ಟುವ ಸೂಕ್ಷ್ಮ ಪೊಳ್ಳುಗಳಿಗೂ ಶಾರ್ಟ್ ಮಾಡಿಸುವ ಲಿಥಿಯಂ ಮುಳ್ಳುಗಳಿಗೂ ನೇರ ನಂಟಿದೆ ಎಂದು 2022ರಲ್ಲಿ ತೋರಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಗಫಣಿ ಏಟುಕೂರಿ ಅವರ ತಂಡ.

ಗಂಧಕದ ಎಲೆಕ್ಟ್ರೊಲೈಟಿಗೆ ತೇವವೂ ಆಗದು. ನೀರಿನಂಶ ತಾಗಿದರೆ ಕೊಳೆತ ಮೊಟ್ಟೆ ನಾತದ ವಿಷಾನಿಲ ಬಿಡುತ್ತದೆ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಲ್ಲಿ ಅದರ ಡಬ್ಬಿ ತೆರೆಯುವಂತೆಯೇ ಇಲ್ಲ. ಲ್ಯಾಬುಗಳಲ್ಲಿ ಆರ್ಗಾನ್ ತುಂಬಿದ ಗಾಜಿನ ಪೆಟ್ಟಿಗೆಯೊಳಗೆ ಕೈಗವಸಿನ ಮೂಲಕ ಕೈ ತೂರಿಸಿ ಕೆಲಸ ಮಾಡುತ್ತಾರೆ.

ಹೊಸ ಘನ ಎಲೆಕ್ಟ್ರೊಲೈಟ್ ದಾಖಲೆ ಮುರಿಯಿತು ಎಂದು ಇನ್ನು ಪೇಪರಿನಲ್ಲಿ ಓದಿದರೆ ವಾಹಕತೆಯ ಅಂಕಿಯೊಂದನ್ನೇ ನೋಡಬೇಡಿ. ಕ್ಯಾಥೋಡ್ ಎಷ್ಟು ದಪ್ಪವಿತ್ತು, ಎಷ್ಟು ಒತ್ತಡದಲ್ಲಿ ಅಳೆದರು ಎಂದು ಹುಡುಕಿ.