ನರೆಯ ಮರ್ಯಾದೆ

ಬೆಳಗಾವಿಯಿಂದ ಚೋರ್ಲಾ ಘಾಟದತ್ತ ಸಾಗುವ ದಾರಿಯಲ್ಲಿ, ಮಲಪ್ರಭೆ ಹುಟ್ಟುವ ಕಣಕುಂಬಿಗೆ ಮೊದಲೇ ಸಿಕ್ಕುವ ಜಾಂಬೋಟಿಯಲ್ಲಿ, ಕನ್ನಡ ಮರಾಠಿಗಳೆರಡೂ ಬೆರೆತ ಮಾತುಕತೆಯ ನಡುವೆ, ನರೆತ ತಲೆಯವರೊಬ್ಬರು ಬಂದರೆ ಕಟ್ಟೆಯ ಮೇಲಿನ ಹುಡುಗರು ಸರಿದು ಎಡೆಗೊಡುವುದುಂಟು. ಆದರೆ ಗ್ರಾಮಪಂಚಾಯತಿಯ ಚುನಾವಣೆ ಬಂದಿತೆಂದರೆ ಅಜ್ಜನಿಗೂ ಒಂದೇ ಮತ, ಮೊಮ್ಮಗನಿಗೂ ಒಂದೇ ಮತ. ಹಿರಿತನಕ್ಕೂ ಯೋಗ್ಯತೆಗೂ ಸಲ್ಲುವ ಗೌರವವು ರಾಜ್ಯಾಧಿಕಾರದಲ್ಲಿಯೂ ಪಾಲು ಪಡೆಯಬೇಕೇ ಎಂಬ ಪ್ರಶ್ನೆಯನ್ನೇ ತಮ್ಮ ವ್ಯಾಸಂಗದ ತಿರುಳಾಗಿಸಿಕೊಂಡವರು ಡೇನಿಯಲ್ ಬೆಲ್.

1964ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಜನಿಸಿದ ಇವರು, ಆಕ್ಸ್‌ಫರ್ಡಿನಲ್ಲಿ ಸಮುದಾಯವಾದವನ್ನು ಕುರಿತು ನಡೆಸಿದ ಸಂಶೋಧನೆಯನ್ನು 1993ರಲ್ಲಿ ಸಂವಾದರೂಪದ ಗ್ರಂಥವಾಗಿ ಹೊರತಂದರು. ಸಿಂಗಪುರ, ಹಾಂಗ್‌ಕಾಂಗ್‌ಗಳಲ್ಲಿ ಅಧ್ಯಾಪಕರಾಗಿದ್ದು, 2004ರಲ್ಲಿ ಬೀಜಿಂಗಿನ ತ್ಸಿಂಗ್‌ಹುವಾ ವಿಶ್ವವಿದ್ಯಾಲಯವನ್ನು ಸೇರಿದರು. ಪಾಠ ಹೇಳಲು ಹೋದವರು ಚೀನಾದ ಪ್ರಾಚೀನ ಚಿಂತಕರಾದ ಕನ್‌ಫ್ಯೂಷಿಯಸ್, ಮೆನ್ಸಿಯಸ್, ಷುನ್‌ಜಿ ಇವರ ಪರಂಪರೆಗೆ ತಾವೇ ವಿದ್ಯಾರ್ಥಿಯಾದರು.

ಆ ಪರಂಪರೆಯ ದೊಡ್ಡ ಫಲವೆಂದರೆ, ಕುಲಕ್ಕಿಂತ ವಿದ್ಯೆಯನ್ನು ಮುಂದಿಟ್ಟು ಅಧಿಕಾರಿಗಳನ್ನು ಆರಿಸುತ್ತಿದ್ದ ರಾಜಪರೀಕ್ಷೆ. ಸುಮಾರು 1300 ವರ್ಷ ನಡೆದ ಅದು 1905ರಲ್ಲಿ ರದ್ದಾಯಿತು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ದೊರೆತ ಸುದ್ದಿ ಹೊರಬಿದ್ದದ್ದೂ ಅದೇ ವರ್ಷವೆಂಬುದು ನೆನಪಾಗದಿರದು: ಅಲ್ಲಿ ಒಂದು ರಾಜನೀತಿ ಮುಚ್ಚಿತು, ಇಲ್ಲಿ ಒಂದು ತೆರೆಯಿತು.

2015ರಲ್ಲಿ ಪ್ರಕಟವಾದ ‘ದಿ ಚೈನಾ ಮಾಡೆಲ್’ ಎಂಬ ಗ್ರಂಥದಲ್ಲಿ ಬೆಲ್ ಅವರು, ಗ್ರಾಮಮಟ್ಟದಲ್ಲಿ ಚುನಾವಣೆ, ನಡುವಿನ ಹಂತಗಳಲ್ಲಿ ಹೊಸ ಪ್ರಯೋಗ, ಶಿಖರದಲ್ಲಿ ಯೋಗ್ಯತೆಯ ಆಧಾರದ ಆಯ್ಕೆ ಎಂಬ ವ್ಯವಸ್ಥೆಯನ್ನು ಸಮರ್ಥಿಸಿದರು. ಅಧಿಕಾರದ ದುರುಪಯೋಗವಾದೀತು, ಮೇಲುಕೀಳಿನ ಶ್ರೇಣಿ ಗಡುಸಾದೀತು, ಜನಸಮ್ಮತಿ ಸಿಕ್ಕದೆ ಹೋದೀತು ಎಂಬ ಮೂರು ಕೇಡುಗಳನ್ನೂ ಅವರೇ ಚರ್ಚಿಸಿರುವರು. ಆದರೂ ನನಗೆ ಒಪ್ಪಿಗೆಯಾಗದು; ಕಟ್ಟೆಯಲ್ಲಿ ಎಡೆಗೊಟ್ಟ ಹುಡುಗನಿಗೆ, ಅದೇ ಹಿರಿಯರನ್ನು ಮತದಾನದ ದಿನ ಬೇಡವೆನ್ನುವ ಅವಕಾಶವೂ ಇದೆಯಲ್ಲವೇ? ಶಿಖರದಲ್ಲಿ ಕುಳಿತವರನ್ನು ಹಾಗೆ ಬೇಡವೆನ್ನುವವರಾರು?

ಸಿದ್ಧಾಂತಕ್ಕಿಂತ ಸ್ವಾರಸ್ಯವಾದುದು ಮುಂದಿನ ಕಥೆ. 2017ರಲ್ಲಿ, ಕನ್‌ಫ್ಯೂಷಿಯಸನ ಹುಟ್ಟುನಾಡಾದ ಷಾನ್‌ಡಾಂಗ್ ಪ್ರಾಂತದ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ನಿಕಾಯದ ಡೀನ್ ಆದ ಅವರು, ಸಭೆ, ಔತಣ, ಕಡತಗಳ ನಡುವೆ ಐದು ವರ್ಷ ಕಳೆದರು. ಅಲ್ಲಿನ ಅಧಿಕಾರಿಗಳಂತೆ ತಾವೂ ನರೆಗೂದಲಿಗೆ ಕಪ್ಪು ಬಳಿದುಕೊಂಡದ್ದನ್ನು 2023ರ ‘ದಿ ಡೀನ್ ಆಫ್ ಷಾನ್‌ಡಾಂಗ್’ ಎಂಬ ಪುಸ್ತಕದಲ್ಲಿ ನಗುನಗುತ್ತಲೇ ಹೇಳಿಕೊಂಡಿರುವರು. ಹಿರಿತನವನ್ನು ಅಷ್ಟು ಪೂಜಿಸುವ ನಾಡಿನಲ್ಲಿ ಅಧಿಕಾರಪೀಠಕ್ಕೆ ನರೆ ಒಗ್ಗದು! ಜಾಂಬೋಟಿಯ ಕಟ್ಟೆಯಲ್ಲಾದರೆ ಅದೇ ನರೆಗೆ ಅವರಿಗೆ ಎಡೆ ಸಿಕ್ಕುತ್ತಿತ್ತು.