ಮಾಸ್ಕೋ ನಗರದ ಒಂದು ಮನೆ

ಮನೆ ಕಟ್ಟುವುದು ಒಂದು ವಿದ್ಯೆ. ಕಟ್ಟಿಸುವ ಪ್ರಭುವಿನ ಮರ್ಜಿಯನ್ನರಿತು ಬಾಳುವುದು ಇನ್ನೊಂದು ವಿದ್ಯೆ. ಎರಡರಲ್ಲಿಯೂ ನುರಿತಿದ್ದ ಒಬ್ಬ ವಾಸ್ತುಶಿಲ್ಪಿಯ ವಿಚಾರವನ್ನು ವಾಚಕ ಮಹಾಶಯರ ಮುಂದಿಡಲು ಬಯಸುತ್ತೇವೆ.

ಇವಾನ್ ಝೊಲ್ತೋವ್‌ಸ್ಕಿಯು 1867ರಲ್ಲಿ ಪಿನ್ಸ್ಕ್ ಪಟ್ಟಣದಲ್ಲಿ ಜನಿಸಿದನು. ಸೇಂಟ್ ಪೀಟರ್ಸ್‌ಬರ್ಗಿನ ಕಲಾಶಾಲೆಯಲ್ಲಿ ಕಲಿತು, ಇಟಲಿ ದೇಶಕ್ಕೆ ಮೇಲಿಂದ ಮೇಲೆ ಹೋಗಿ, ಹದಿನಾರನೆಯ ಶತಮಾನದ ಪಲ್ಲಾಡಿಯೋ ಎಂಬ ಆಚಾರ್ಯನ ಕಟ್ಟಡಗಳನ್ನು ಅಭ್ಯಸಿಸಿದನು. ಆ ಆಚಾರ್ಯನ ವಾಸ್ತುಗ್ರಂಥವನ್ನು ರಷ್ಯನ್ ಭಾಷೆಗೆ ತಂದವನೂ ಇವನೇ. ವೈಯಾಕರಣನು ಸೂತ್ರವನ್ನು ಬಿಡದಂತೆ ಇವನು ಪ್ರಾಚೀನರ ಪ್ರಮಾಣವನ್ನು ಬಿಡಲಿಲ್ಲ.

1917ರ ಕ್ರಾಂತಿಯ ತರುವಾಯ ಅಲ್ಲಿನ ತರುಣ ಶಿಲ್ಪಿಗಳು ಕಂಬ ಬೋದಿಗೆಗಳನ್ನು ತೊರೆದು, ಗಾಜು ಕಾಂಕ್ರೀಟುಗಳಿಂದ ಅಲಂಕಾರವಿಲ್ಲದ ಕಟ್ಟಡಗಳನ್ನು ಕಲ್ಪಿಸಿದರು. ಆದರೆ 1932ರ ಏಪ್ರಿಲಿನಲ್ಲಿ ಸ್ಟಾಲಿನ್ನನ ಪಕ್ಷವು ಸಾಹಿತಿಗಳ, ಕಲಾವಿದರ ಸ್ವತಂತ್ರ ಸಂಘಗಳನ್ನು ವಿಸರ್ಜಿಸಿತು. ಅದೇ ವರ್ಷ ಸೋವಿಯತ್ ಅರಮನೆಯ ಸ್ಪರ್ಧೆಯಲ್ಲಿ ಝೊಲ್ತೋವ್‌ಸ್ಕಿಗೆ ಅತ್ಯುನ್ನತ ಬಹುಮಾನಗಳಲ್ಲೊಂದು ದೊರೆಯಿತು. ಹಳೆಯ ಶೈಲಿಗೆ ರಾಜಮರ್ಯಾದೆ ಬಂದಿತು. ಹೊಸ ಶೈಲಿಯವರು ಮೂಲೆಗುಂಪಾದರು.

1934ರಲ್ಲಿ ಕ್ರೆಮ್ಲಿನ್ ಕೋಟೆಯ ಸಮೀಪದ ಮೊಖೋವಾಯ ಬೀದಿಯಲ್ಲಿ ಅವನ ಮನೆಯೊಂದು ಪೂರ್ಣವಾಯಿತು. ವೆನಿಸ್ಸಿನ ಅಧಿಕಾರಿಗಾಗಿ ಪಲ್ಲಾಡಿಯೋ ವಿಚೆಂಜಾ ನಗರದಲ್ಲಿ ಕಟ್ಟಿದ ಮಂಟಪದ ಮಹಾಸ್ತಂಭಗಳು ಇಲ್ಲಿ ಮರುಹುಟ್ಟು ಪಡೆದವು. ವಾಸಕ್ಕೆಂದು ಯೋಜಿಸಿದ್ದ ಆ ಭವನವು 1953ರವರೆಗೆ ಅಮೆರಿಕದ ರಾಯಭಾರ ಕಚೇರಿಯಾಗಿದ್ದಿತು. ಆ ಕಾಲದಲ್ಲಿ ಮಾಸ್ಕೋವಿನ ಅಸಂಖ್ಯ ಸಂಸಾರಗಳು ಒಂದೊಂದು ಕೋಣೆಯಲ್ಲಿ ಬದುಕಿ, ಹಲವರು ಸೇರಿ ಒಂದೇ ಅಡಿಗೆಮನೆಯನ್ನು ಬಳಸುತ್ತಿದ್ದವು. ಇದರ ಕಷ್ಟವನ್ನು ನಮಗಿಂತ ಗೃಹಿಣಿಯರೇ ಚೆನ್ನಾಗಿ ಬಲ್ಲರು.

1950ರಲ್ಲಿ ಝೊಲ್ತೋವ್‌ಸ್ಕಿಗೆ ಸ್ಟಾಲಿನ್ ಪಾರಿತೋಷಕವೂ ಬಂದಿತು. ಆದರೆ ಸ್ಟಾಲಿನ್ 1953ರಲ್ಲಿ ತೀರಿಕೊಂಡನು. ಕ್ರುಶ್ಚೋವನ ಆಡಳಿತವು 1955ರ ನವೆಂಬರಿನಲ್ಲಿ ಅನಾವಶ್ಯಕ ಅಲಂಕಾರವನ್ನು ನಿಷೇಧಿಸಿ ಆಜ್ಞೆ ಹೊರಡಿಸಿತು. ಬೆಂಕಿಪೊಟ್ಟಣದಂತಹ ಮನೆಗಳು ಸಾಲುಗಟ್ಟಿ ಎದ್ದವು. ಅಂದವು ಹೋಯಿತು; ಆದರೆ ಲಕ್ಷಾಂತರ ಸಂಸಾರಗಳಿಗೆ ತಮ್ಮದೇ ಆದ ಅಡಿಗೆಮನೆಯು ದೊರೆಯಿತು. ವೃದ್ಧ ಶಿಲ್ಪಿಯು 1959ರಲ್ಲಿ ಕಾಲವಾದನು.

ಇದರಲ್ಲಿ ಕಂಬಗಳ ತಪ್ಪೇನು? ಅನುಷ್ಟುಪ್ಪಿನಲ್ಲಿ ರಾಮಕಥೆಯನ್ನೂ ಹಾಡಬಹುದು, ಮುಖಸ್ತುತಿಯನ್ನೂ ಹೆಣೆಯಬಹುದು, ಛಂದಸ್ಸಿಗೆ ದೋಷವಿಲ್ಲ. ಆದರೆ ಒಬ್ಬನ ಛಂದಸ್ಸಿಗೆ ಮನ್ನಣೆ ಕೊಡಲು ಉಳಿದ ಕವಿಗಳ ಬಾಯಿ ಕಟ್ಟಿದರೆ ಅದು ರಸಿಕತೆಯಲ್ಲ, ದರ್ಪ. ಆಜ್ಞೆಯಿಂದ ಬಂದ ಗೌರವವನ್ನು ಮತ್ತೊಂದು ಆಜ್ಞೆಯು ಕಸಿದುಕೊಂಡರೆ ಆಶ್ಚರ್ಯವೂ ಇಲ್ಲ. ಮೊಖೋವಾಯ ಬೀದಿಯ ಭವನವನ್ನು ಕಾಣುವವರು ಅದರ ಚೆಲುವನ್ನು ಧಾರಾಳವಾಗಿ ಮೆಚ್ಚಲಿ. ಕಟ್ಟಲು ಅವಕಾಶವೇ ದೊರೆಯದವರನ್ನೂ ಒಮ್ಮೆ ನೆನೆಯಲಿ ಎಂಬುದಿಷ್ಟೇ ನಮ್ಮ ಬಿನ್ನಹ.