ಪರದೇಶದಲ್ಲಿ ಹಬ್ಬದ ದಿನ

ಸವದತ್ತಿಯ ಸಮೀಪದಲ್ಲಿ ಮಲಪ್ರಭೆಯು ಗುಡ್ಡಗಳ ಸಾಲನ್ನು ಸೀಳಿಕೊಂಡು ಹೋಗುವ ಇಕ್ಕಟ್ಟಾದ ಕಣಿವೆಗೆ ನವಿಲುತೀರ್ಥವೆಂದು ಹೆಸರು. ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿಗೆ 1970ರ ದಶಕದಲ್ಲಿ ಇಲ್ಲಿ ಅಣೆಕಟ್ಟು ಪೂರೈಸಿತು. ಕಣಿವೆಯು ಕಿರಿದಾದ್ದರಿಂದ ಕಟ್ಟಿನ ಉದ್ದವು ಸುಮಾರು 154 ಮೀಟರು ಮಾತ್ರ. ಎತ್ತರ ಸುಮಾರು 43 ಮೀಟರು. ಆದರೆ ಅದರ ಹಿಂದೆ ನಿಂತಿರುವ ರೇಣುಕಾಸಾಗರದ ನೀರು ಕಣ್ಣು ಹಾಯುವವರೆಗೂ ಹಬ್ಬಿರುವದು. ಯಲ್ಲಮ್ಮನ ಗುಡ್ಡಕ್ಕೆ ಬಂದ ಯಾತ್ರಿಕರು ಇಲ್ಲಿಗೂ ಬಂದು, ಬುತ್ತಿಯ ಗಂಟು ಬಿಚ್ಚಿ, ಉಂಡು, ವಿಶ್ರಮಿಸಿ ಹೋಗುವದು ವಾಡಿಕೆ.

2022ನೆಯ ಇಸವಿಯ ಎಳ್ಳಮವಾಸ್ಯೆಯು ಡಿಸೆಂಬರ 23ಕ್ಕೆ ಬಂದಿತ್ತು. ಒಕ್ಕಲಿಗರು ಹೊಲಗಳಿಗೆ ಚರಗ ಚೆಲ್ಲಲು ಹೋಗುವ ದಿನವದು. ಹೊಲವಿಲ್ಲದ ನಮ್ಮಂಥ ಪೇಟೆಯವರು ನೀರಿನ ದಂಡೆಯನ್ನಾದರೂ ಹುಡುಕಿಕೊಂಡು ಹೋಗುತ್ತೇವೆ. ಅಂದು ನಾವು ಮನೆಮಂದಿಯೊಡನೆ ನವಿಲುತೀರ್ಥದಲ್ಲಿ ಊಟಕ್ಕೆ ಕುಳಿತಿದ್ದೆವು. ನಮ್ಮ ಪಕ್ಕದಲ್ಲಿ ಧಾರವಾಡದ ಒಂದು ಕುಟುಂಬವು ಜಮಖಾನೆ ಹಾಸಿತ್ತು. ಅವರ ನಡುವೆ ಹತ್ತೊಂಬತ್ತು ಇಪ್ಪತ್ತರ ಒಬ್ಬ ಜರ್ಮನ ಹುಡುಗಿಯು ಚಕ್ಕಳಬಕ್ಕಳ ಹಾಕಿ ಕುಳಿತು, ಸಜ್ಜಿ ರೊಟ್ಟಿಯನ್ನು ಮುರಿದು ಎಣ್ಣೆಗಾಯಿಗೆ ಹಚ್ಚಿಕೊಂಡು ಉಣ್ಣುತ್ತಿದ್ದಳು. ಅವಳು ತನ್ನ ಸಭೆಯ ಪರವಾಗಿ ಒಂದು ವರ್ಷದ ಸೇವೆಗೆ ಬಂದವಳೆಂದೂ, ಚಿಕ್ಕ ಮಕ್ಕಳ ಶಾಲೆಯಲ್ಲಿ ಸಹಾಯ ಮಾಡುವಳೆಂದೂ ಮಾತಿಗೆ ಮಾತು ಬಂದು ತಿಳಿಯಿತು.

ನಮ್ಮ ಮನೆಯ ಕಿರಿಯ ಹುಡುಗನು ಅವಳಿಗೆ, "ಅಕ್ಕಾ, ನಿಮ್ಮ ಊರಾಗ ಈಗ ಏನ್ ಹಬ್ಬ?" ಎಂದು ಕೇಳಿದನು. ಅವಳು ಒಡಕು ಕನ್ನಡದಲ್ಲಿ, ಹಸುರು ಟೊಂಗೆಗಳ ಒಂದು ಚಕ್ರದಲ್ಲಿ ವಾರಕ್ಕೊಂದರಂತೆ ನಾಲ್ಕು ಮೇಣಬತ್ತಿಗಳನ್ನು ಹಚ್ಚುವ ತಮ್ಮ ಮನೆಯ ಪದ್ಧತಿಯನ್ನು ಹೇಳಿದಳು. "ನಾಲ್ಕೂ ಹಚ್ಚಿ ಆಯ್ತು. ನಾಡದು... ಅಲ್ಲ, ನಾಳೆ ಸಂಜೆ ಹಬ್ಬ" ಎಂದವಳೇ ಸುಮ್ಮನಾದಳು. ಆ ಮನೆಯ ಅಜ್ಜಿಯು ಅವಳ ಮುಖವನ್ನು ನೋಡಿ ಏನನ್ನೂ ಕೇಳಲಿಲ್ಲ. "ತಗೋಳವ್ವಾ, ಇನ್ನೊಂದು ಹೋಳಿಗಿ ತಿನ್ನು. ಹಬ್ಬದ ದಿನಾ ಅರೆಹೊಟ್ಟಿ ಇರಬಾರದು" ಎಂದು ಶೇಂಗಾ ಹೋಳಿಗೆಯನ್ನು ಅವಳ ತಟ್ಟೆಗೆ ಹಾಕಿದಳು. ಹುಡುಗಿಯು ಕಣ್ಣೊರಸಿಕೊಂಡು ನಕ್ಕಳು.

ಈ ಚಿಕ್ಕ ಪ್ರಸಂಗವು ನಮ್ಮ ಮನಸ್ಸಿನಿಂದ ಹೋಗಲಿಲ್ಲ. ಮನೆಗೆ ಬಂದ ಮೇಲೆ, ಇದೇ ಸೀಮೆಗೆ ಇವಳ ದೇಶದಿಂದಲೇ ಹಿಂದೊಮ್ಮೆ ಬಂದಿದ್ದ ತರುಣರ ನೆನಪಾಯಿತು. ಅವರ ಕಥೆಯಲ್ಲಿ ನಮ್ಮ ಗೃಹಸ್ಥರು ಅರಿಯತಕ್ಕ ಒಂದೆರಡು ಸಂಗತಿಗಳಿರುವದರಿಂದ ಅದನ್ನು ಇಲ್ಲಿ ಹೇಳುತ್ತೇವೆ.

ಸ್ವಿಟ್ಝರ್ಲೆಂಡಿನ ಬಾಸೆಲ್ ಪಟ್ಟಣದ ಮಿಷನ್ ಸಂಸ್ಥೆಯ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿಯೂ, 1839ರಲ್ಲಿ ಹುಬ್ಬಳ್ಳಿಯಲ್ಲಿಯೂ, 1841ರಲ್ಲಿ ಗದಗಿನ ಬೆಟಗೇರಿಯಲ್ಲಿಯೂ, 1851ರಲ್ಲಿ ಗುಳೇದಗುಡ್ಡದಲ್ಲಿಯೂ ಅವರ ಠಾಣ್ಯಗಳಾದವು. ನವಿಲುತೀರ್ಥದಿಂದ ಇಳಿದ ಮಲಪ್ರಭೆಯು ಮುಂದೆ ಹರಿಯುವದು ಈ ಗುಳೇದಗುಡ್ಡ, ಬಾದಾಮಿಗಳ ಸೀಮೆಯಲ್ಲಿಯೇ. ಹೀಗೆ ಬಂದವರಲ್ಲಿ ಬಹುಜನರು ಇಪ್ಪತ್ತರಿಂದ ಮೂವತ್ತರ ಒಳಗಿನವರು. ಸುಯೇಜ ಕಾಲುವೆಯು ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಹಡಗಿನ ಪ್ರಯಾಣಕ್ಕೆ ತಿಂಗಳುಗಳು ಬೇಕಾಗುತ್ತಿದ್ದವು. ತಾಯಿಗೆ ಬರೆದ ಕಾಗದಕ್ಕೆ ಉತ್ತರವು ಬರುವಷ್ಟರಲ್ಲಿ ಕೇಳಿದ ಪ್ರಶ್ನೆಯೇ ಹಳೆಯದಾಗಿರುತ್ತಿತ್ತು. ಮದುವೆಯಾಗಬೇಕಾದರೂ ಬಾಸೆಲಿನ ಮಂಡಳಿಯ ಅಪ್ಪಣೆ ಬೇಕು. ಒಂದು ವರ್ಷ ಸೇವೆ ಮಾಡಿ ಮನೆಗೆ ಹೋಗುವ ಮಾತು ಅವರಿಗೆ ಇರಲಿಲ್ಲ. ಹೊರಟವರು ಬಾಳನ್ನೇ ಒಪ್ಪಿಸಿ ಹೊರಡುತ್ತಿದ್ದರು.

ಇವರಲ್ಲಿ ಒಬ್ಬರು ಹೆರ್ಮನ್ ಮೋಗ್ಲಿಂಗ್. 1811ರಲ್ಲಿ ವುರ್ಟೆಂಬೆರ್ಗಿನ ಬ್ರಾಕೆನ್‌ಹೈಮಿನಲ್ಲಿ ಹುಟ್ಟಿ, ಟ್ಯೂಬಿಂಗೆನ್ನಿನಲ್ಲಿ ದೇವಜ್ಞಾನಶಾಸ್ತ್ರವನ್ನು ಓದಿದವರು. 1836ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಮಂಗಳೂರಿಗೆ ಬಂದರು. ಧಾರವಾಡದ ಠಾಣ್ಯವು ಆರಂಭವಾದ ಕಾಲಕ್ಕೆ ಈ ಸೀಮೆಗೂ ಬಂದು ಇದ್ದವರು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದವರು ಇವರೇ ಎಂಬದನ್ನು ನಮ್ಮ ವಾಚಕರು ಬಲ್ಲರು. ಆ ದಿನವನ್ನು ಕರ್ನಾಟಕದಲ್ಲಿ ಇಂದಿಗೂ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಆದರೆ ನಾವು ಇಲ್ಲಿ ಹೇಳಬೇಕಾದದ್ದು ಅವರ ಪತ್ರಿಕೆಯನ್ನು ಕುರಿತಲ್ಲ, ಅವರ ಮೈತ್ರಿಯನ್ನು ಕುರಿತು.

ಮೋಗ್ಲಿಂಗರಿಗೆ ಇಬ್ಬರು ಪ್ರಾಣಮಿತ್ರರಿದ್ದರು. ಒಬ್ಬರು ಅವರ ದೇಶದವರೇ ಆದ ಗಾಟ್‌ಫ್ರೀಡ್ ವೈಗ್ಲೆ. ಇನ್ನೊಬ್ಬರು ಮಂಗಳೂರಿನ ಸಾರಸ್ವತ ಮನೆತನದ ತರುಣರಾದ ಆನಂದರಾವ್ ಕೌಂಡಿನ್ಯ.

ವೈಗ್ಲೆಯವರು 1840ರಲ್ಲಿ ಬಂದರು. ಕನ್ನಡವನ್ನು ಎಷ್ಟು ಆಳವಾಗಿ ಕಲಿತರೆಂದರೆ, 1848ರಲ್ಲಿಯೇ ಕನ್ನಡ ಭಾಷೆ ಮತ್ತು ಸಾಹಿತ್ಯಗಳನ್ನು ಕುರಿತು ಜರ್ಮನಿಯ ವಿದ್ವತ್ಪತ್ರಿಕೆಯೊಂದರಲ್ಲಿ ಪ್ರಬಂಧವನ್ನು ಬರೆದರು. ಕರಾವಳಿಯ ಜ್ವರದಿಂದ ಬಳಲಿದ ಯೂರೋಪಿಯನರು ನೀಲಗಿರಿಯ ತಂಪಿಗೆ ಹೋಗುವದು ಆ ಕಾಲದ ಪದ್ಧತಿ. ಅವರ ಪಾಲಿಗೆ ರಜೆಯೆಂದರೆ ಅದೇ. ಅಲ್ಲಿಯ ಕೇತಿ ಎಂಬ ಊರಲ್ಲಿ ಕ್ಯಾಸಮೇಜರ್ ಎಂಬ ನಿವೃತ್ತ ಆಂಗ್ಲ ಅಧಿಕಾರಿಯು ವಾಸವಾಗಿದ್ದನು. ಅವನ ಮನೆಯ ಆಶ್ರಯದಲ್ಲಿ ವೈಗ್ಲೆಯವರು ಬೈಬಲ್ಲಿನ ಕನ್ನಡ ಭಾಷಾಂತರದ ಕೆಲಸವನ್ನು ನಡೆಸಿದರು. ಮೋಗ್ಲಿಂಗರು 1848ರಿಂದ 1853ರ ವರೆಗೆ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದ ನಮ್ಮ ಗ್ರಂಥಗಳನ್ನು ಅಚ್ಚು ಹಾಕಿಸಿದ್ದಕ್ಕೆ ಬೇಕಾದ ಹಣವನ್ನು ಕೊಟ್ಟವನೂ ಈ ಕ್ಯಾಸಮೇಜರನೇ. ತಂಪಿಗೆಂದು ಹೋಗುವ ಒಂದು ಬೆಟ್ಟದ ಮೇಲೆ ಬೆಳೆದ ಸ್ನೇಹದಿಂದ ಕನ್ನಡಿಗರ ತಾಳೆಗರಿಗಳು ಪುಸ್ತಕಗಳಾದವು!

ಇನ್ನು ಆನಂದರಾಯರ ವಿಷಯ. 1825ರಲ್ಲಿ ಹುಟ್ಟಿದ ಇವರು ಮಿಷನ್ನಿನ ಶಾಲೆಯಲ್ಲಿ ಓದುತ್ತ ಮೋಗ್ಲಿಂಗರ ಪರಿಚಯಕ್ಕೆ ಬಂದರು. 1844ರ ಜನವರಿಯಲ್ಲಿ ಇಬ್ಬರು ಸಹಪಾಠಿಗಳೊಡನೆ ಕ್ರೈಸ್ತಮತವನ್ನು ಸ್ವೀಕರಿಸಿ ಹೆರ್ಮನ್ ಎಂಬ ಹೆಸರನ್ನು ತಮ್ಮ ಹೆಸರಿನ ಹಿಂದೆ ಸೇರಿಸಿಕೊಂಡರು. ಅದು ಗುರುವಿನ ಹೆಸರೇ ಎಂಬದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಸಂಗತಿಯಿಂದ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಮನೆಯು ಮುಚ್ಚಿತು, ಚಿಕ್ಕಂದಿನಲ್ಲಿ ಕೈಹಿಡಿದ ಹೆಂಡತಿಯು ತವರಿನವರೊಡನೆಯೇ ಉಳಿದಳು. ಹತ್ತೊಂಬತ್ತು ತುಂಬದ ಹುಡುಗನು ಒಂದೇ ದಿನದಲ್ಲಿ ತಾಯಿಯ ಅಡಿಗೆಮನೆ, ಬಂಧುಗಳ ಪಂಕ್ತಿ, ದೀಪಾವಳಿ, ಯುಗಾದಿ ಎಲ್ಲವನ್ನೂ ಕಳೆದುಕೊಂಡನು. ಮಗನನ್ನು ಕಳೆದುಕೊಂಡ ಮನೆಯವರ ಸಂಕಟವೂ, ಏನೂ ಅರಿಯದೆ ಒಂಟಿಯಾದ ಆ ಹೆಣ್ಣಿನ ಸಂಕಟವೂ ಸಣ್ಣವಲ್ಲ. ನಾವು ಇಲ್ಲಿ ಯಾವ ಮತದ ಪಕ್ಷವನ್ನೂ ವಹಿಸುವದಿಲ್ಲ. ಒಂದು ನಂಬಿಗೆಗೆ ಎಷ್ಟು ಬೆಲೆ ಬಿದ್ದಿತು, ಅದನ್ನು ಯಾರು ಯಾರು ತೆತ್ತರು ಎಂಬದನ್ನು ಮಾತ್ರ ಮರೆಯಬಾರದೆನ್ನುತ್ತೇವೆ.

1846ರಲ್ಲಿ ಮೋಗ್ಲಿಂಗರು ಈ ತರುಣನನ್ನು ತಮ್ಮೊಡನೆ ಯೂರೋಪಕ್ಕೆ ಕರೆದುಕೊಂಡು ಹೋದರು. ಆನಂದರಾಯರು ಬಾಸೆಲಿನ ಮಿಷನ್ ಶಾಲೆಯಲ್ಲಿ ಓದಿ, 1851ರಲ್ಲಿ ದೀಕ್ಷೆಯನ್ನು ಹೊಂದಿ ತಿರುಗಿ ಬಂದರು. ಪರದೇಶದಲ್ಲಿ ಅತಿಥಿಯಾಗಿ ಬಾಳುವ ಪಾಳಿಯು ಈಗ ಕನ್ನಡ ನಾಡಿನವನದಾಯಿತು. ರೈನ್ ನದಿಯ ದಂಡೆಯ ಆ ಪಟ್ಟಣದಲ್ಲಿ ಡಿಸೆಂಬರದ ಮಧ್ಯಾಹ್ನವು ಮುಗಿಯುವ ಮೊದಲೇ ಕತ್ತಲಾಗುವದು. ಅಲ್ಲಿಯ ಜನರ ದೊಡ್ಡ ಹಬ್ಬವು ಹೆಚ್ಚಾಗಿ ಮನೆಯ ಬಾಗಿಲ ಒಳಗೆ ನಡೆಯತಕ್ಕದ್ದು. ನಮ್ಮಂತೆ ಬೀದಿಗೆ ಬಂದು ಬನ್ನಿ ಕೊಟ್ಟು ತಬ್ಬಿಕೊಳ್ಳುವ ರೀತಿಯದಲ್ಲ. ಒಳಗೆ ಕರೆದರೆ ಉಂಟು, ಕರೆಯದಿದ್ದರೆ ಇಲ್ಲ. ಮಲಗುವ ಮುಂಚೆ ಆ ಹುಡುಗನ ಮನಸ್ಸು ಎತ್ತ ಹರಿದಿರಬೇಕೆಂಬದನ್ನು ಮಕ್ಕಳನ್ನು ದೂರದೇಶಕ್ಕೆ ಕಳಿಸಿದ ತಾಯಿತಂದೆಗಳು ಊಹಿಸಬಲ್ಲರು.

ನವಿಲುತೀರ್ಥದ ಹುಡುಗಿಯು ಹೇಳಿದ ಆ ನಾಲ್ಕು ದೀಪಗಳ ಚಕ್ರವೂ ಆ ಕಾಲದ್ದೇ. 1839ರಲ್ಲಿ ಹಾಂಬುರ್ಗಿನ ವಿಖೆರ್ನ್ ಎಂಬ ಧರ್ಮೋಪದೇಶಕರು ತಮ್ಮ ಆಶ್ರಯದಲ್ಲಿದ್ದ ದಿಕ್ಕಿಲ್ಲದ ಮಕ್ಕಳು, "ಹಬ್ಬ ಎಂದು? ಹಬ್ಬ ಎಂದು?" ಎಂದು ಪೀಡಿಸುವದನ್ನು ಕಂಡು, ದಿನಕ್ಕೊಂದು ದೀಪವನ್ನು ಹಚ್ಚಿ ಎಣಿಸಲು ಒಂದು ಗಾಲಿಯ ಮೇಲೆ ಬತ್ತಿಗಳನ್ನು ನಿಲ್ಲಿಸಿದರಂತೆ. ಆ ಪದ್ಧತಿಯು ಮುಂದೆ ಮನೆಮನೆಗೆ ಹಬ್ಬಿ ನಾಲ್ಕು ದೀಪಗಳಿಗೆ ನಿಂತಿತು. ಮನೆಯಿಲ್ಲದ ಮಕ್ಕಳಿಗಾಗಿ ಹುಟ್ಟಿದ ದೀಪವು ಇಂದು ಮನೆಯಿಂದ ದೂರವಿದ್ದವರ ಕಣ್ಣಲ್ಲಿ ನೀರು ತರಿಸುವದು.

ಮಿತ್ರರ ಕಥೆಗೆ ತಿರುಗೋಣ. 1855ರಲ್ಲಿ ವೈಗ್ಲೆಯವರು ಮಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ ನಲವತ್ತೂ ತುಂಬಿರಲಿಲ್ಲ. ಅವರ ಪತ್ನಿ ಪೌಲೀನರು ಮಕ್ಕಳೊಡನೆ ವಿಧವೆಯಾಗಿ ಉಳಿದರು. ಕೆಲಕಾಲದ ತರುವಾಯ ಮೋಗ್ಲಿಂಗರು ಆಕೆಯನ್ನು ವಿವಾಹವಾಗಿ ಮಿತ್ರನ ಮಕ್ಕಳಿಗೆ ತಂದೆಯಾದರು. ಅಷ್ಟರಲ್ಲಿ ಅವರ ಕೆಲಸವು ಕೊಡಗಿಗೆ ತಿರುಗಿತ್ತು. 1853ರಲ್ಲಿ ಮೈಯಲ್ಲಿ ಸ್ವಸ್ಥವಿಲ್ಲದೆ ಸ್ವದೇಶಕ್ಕೆ ಹೊರಡುವ ವಿಚಾರದಲ್ಲಿದ್ದವರು ಕೊಡವನೊಬ್ಬನ ಕರೆಯನ್ನು ಕೇಳಿ, ಹಡಗನ್ನು ಬಿಟ್ಟು ಘಟ್ಟವನ್ನು ಹತ್ತಿದರು. ಆನಂದರಾಯರೂ ಅಲ್ಲಿ ಅವರೊಡನೆ ದುಡಿದರು. ಬಡವರಾದ ದಲಿತ ಕ್ರೈಸ್ತರಿಗಾಗಿ ಕೊಡಗಿನಲ್ಲಿ ಸ್ಥಾಪಿಸಿದ ಊರಿಗೆ ಆನಂದಪುರವೆಂದು ಹೆಸರು ಬಂದಿತು. ಗುರುವಿನ ಹೆಸರನ್ನು ಶಿಷ್ಯನು ಹೊತ್ತಿದ್ದನು. ಶಿಷ್ಯನ ಹೆಸರನ್ನು ಒಂದು ಊರೇ ಹೊತ್ತಿತು. ವಿದ್ವಾಂಸರಾದ ಮೋಗ್ಲಿಂಗರಿಗೆ 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಗೌರವ ಪದವಿಯನ್ನು ಕೊಟ್ಟಿತು.

1860ರಲ್ಲಿ ಪೌಲೀನರ ಅನಾರೋಗ್ಯದ ನಿಮಿತ್ತ ಮೋಗ್ಲಿಂಗರು ಸ್ವದೇಶಕ್ಕೆ ಹೋದರು. ಮತ್ತೆ ಕನ್ನಡ ನಾಡಿಗೆ ಬರುವದಾಗಲಿಲ್ಲ. ಅದೇ ವರ್ಷ ಆನಂದರಾಯರು ವುರ್ಟೆಂಬೆರ್ಗಿನ ಮರೀ ರೈನ್‌ಹಾರ್ಟ್ ಎಂಬ ಕನ್ಯೆಯನ್ನು ವಿವಾಹವಾದರು. ಮೋಗ್ಲಿಂಗರು 1881ರಲ್ಲಿ ಎಸ್‌ಲಿಂಗೆನ್ನಿನಲ್ಲಿ ಕಾಲವಾದರು, ಆನಂದರಾಯರು 1893ರಲ್ಲಿ. ಒಬ್ಬ ಮಿತ್ರನು ಮಂಗಳೂರಿನ ಮಣ್ಣಿನಲ್ಲಿಯೂ ಇನ್ನೊಬ್ಬನು ಜರ್ಮನಿಯ ಮಣ್ಣಿನಲ್ಲಿಯೂ ಮಲಗಿದರು. ವುರ್ಟೆಂಬೆರ್ಗಿನ ಹೆಣ್ಣುಮಗಳು ಮಾತ್ರ ಕನ್ನಡ ನಾಡಿನಲ್ಲಿ ಮನೆಯನ್ನು ಕಟ್ಟಿ ಬಾಳಿದಳು.

ಈ ಕಥೆಯಲ್ಲಿ ನಮಗೆ ಮುಖ್ಯವಾಗಿ ತೋರುವದಿಷ್ಟು. ಈ ತರುಣರು ಕಲಿಸಲೆಂದು ಬಂದರು. ನಮ್ಮ ಪೂರ್ವಿಕರ ಮತವನ್ನು ಅವರು ಖಂಡಿಸಿ ಬರೆದದ್ದೂ ಉಂಟು. ಆ ಬರೆಹಗಳನ್ನು ಇಂದು ಓದಿದರೆ ನಮಗೆ ನೋವಾಗುವ ಮಾತುಗಳೂ ಸಿಕ್ಕುವವು. ಆದರೆ ಅದೇ ಮೋಗ್ಲಿಂಗರು ಹರಿದಾಸರ ಪದಗಳನ್ನು ಕೂಡಿಸಿ 1850ರಲ್ಲಿ ಅಚ್ಚಿಗೆ ಕೊಟ್ಟರು. ಬರಿಯ ಉಪದೇಶದ ಹುರುಪು ಇದನ್ನು ಮಾಡಿಸಲಾರದು. ವರ್ಷಗಟ್ಟಲೆ ಒಂದೇ ಸೂರಿನಡಿ ನಮ್ಮ ಹುಡುಗರೊಡನೆ ಇದ್ದು, ಅವರ ಮಾತನ್ನು ಆಲಿಸಿದವನಿಗೆ ಮಾತ್ರ ಈ ಕಿವಿಯು ಬರುವದು. ತನ್ನ ನಂಬಿಗೆಯನ್ನು ಬಿಡದೆಯೇ ಇನ್ನೊಬ್ಬರ ಹಾಡನ್ನು ಜೋಪಾನ ಮಾಡಿದ ಈ ಗುಣವನ್ನು ಅವರಿಗೆ ಸ್ನೇಹವು ಕಲಿಸಿತೆಂದೇ ನಾವು ತಿಳಿಯುತ್ತೇವೆ.

ಕಾಲವು ಬಹಳ ಬದಲಾಗಿದೆ. ಬಾಸೆಲ್ ಮಿಷನ್ನು 2001ರಲ್ಲಿ ಬೇರೆ ಸಂಸ್ಥೆಗಳೊಡನೆ ಕೂಡಿ 'ಮಿಷನ್ 21' ಎಂಬ ಹೊಸ ಹೆಸರಿನಿಂದ ನಡೆಯುತ್ತಿದೆ. ಜರ್ಮನಿಯ ಸರಕಾರವು 2008ರಲ್ಲಿ 'ವೆಲ್ಟ್‌ವೆರ್ಟ್ಸ್' ಎಂಬ ಯೋಜನೆಯನ್ನು ಆರಂಭಿಸಿ, 18ರಿಂದ 28ರ ವಯಸ್ಸಿನ ತರುಣ ತರುಣಿಯರನ್ನು ಸ್ವಯಂಸೇವೆಗಾಗಿ ದೂರದೇಶಗಳಿಗೆ ಕಳಿಸುತ್ತ ಬಂದಿದೆ. ಅವರಲ್ಲಿ ಸಭೆಗಳ ಮೂಲಕ ಬರುವವರೂ ಉಂಟು. ಇವರು ಮತಾಂತರಕ್ಕೆಂದು ಬರುವದಿಲ್ಲ; ಶಾಲೆ, ಅನಾಥಾಲಯಗಳಲ್ಲಿ ಕೈಜೋಡಿಸಿ, ಒಂದು ವರ್ಷ ಕಲಿತು ಹೋಗುತ್ತಾರೆ. ಇವರ ಕೈಯಲ್ಲಿ ದೂರವಾಣಿಯಿರುವದು. ತಾಯಿಯ ಮುಖವು ಬೇಕೆಂದಾಗ ಕಾಣುವದು. ಆದರೂ ಹಬ್ಬದ ಸಂಜೆ ಆ ಗಾಜಿನೊಳಗೆ ಮನೆಯ ದೀಪವನ್ನು ಕಂಡರೆ ದೂರವು ಕಡಿಮೆಯಾಗುವದೋ ಹೆಚ್ಚಾಗುವದೋ, ದೂರ ಹೋದವರೇ ಹೇಳಬೇಕು.

ಆದ್ದರಿಂದ ನಮ್ಮ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನಮ್ಮ ವಿಜ್ಞಾಪನೆಯು ಇಷ್ಟೇ. ನಿಮ್ಮ ಓಣಿಯಲ್ಲಿ ಇಂಥ ಪರಸ್ಥಳದ ತರುಣರಿದ್ದರೆ, ಅವರು ಜರ್ಮನಿಯವರಿರಲಿ, ಮಣಿಪುರದವರಿರಲಿ, ಅವರ ಹಬ್ಬವು ಯಾವದೆಂದು ಕೇಳಿ ಪಂಚಾಂಗದಲ್ಲಿ ಗುರುತು ಹಾಕಿಟ್ಟುಕೊಳ್ಳಿರಿ. ಆ ದಿನ ಅವರನ್ನು ಊಟಕ್ಕೆ ಕರೆಯಿರಿ. ಅವರಿಗೆ ಬೇಕಾದ ಪ್ರಾರ್ಥನೆಯನ್ನು ಅವರು ಮಾಡಿಕೊಳ್ಳಲಿ. ನೀವು ರೊಟ್ಟಿಯನ್ನು ಬಡಿಸಿರಿ. ನಿಮ್ಮ ಮಗನೋ ಮಗಳೋ ಹೊರದೇಶದಲ್ಲಿದ್ದರೆ, ಎಳ್ಳಮವಾಸ್ಯೆಯ ದಿನ ಅಲ್ಲಿ ಅವರಿಗೆ ರಜೆಯಿಲ್ಲವೆಂಬದನ್ನು ನೆನೆದು ಎರಡು ಮಾತು ಹೆಚ್ಚು ಆಡಿರಿ.

ಅಂದು ನಾವು ಏಳುವ ಹೊತ್ತಿಗೆ ಆ ಜರ್ಮನ ಹುಡುಗಿಯು ಅಜ್ಜಿಯ ಜೊತೆ ನೀರಿನ ಅಂಚಿಗೆ ಹೋಗಿ ತಟ್ಟೆಗಳನ್ನು ತೊಳೆಯುತ್ತಿದ್ದಳು. "ನಾಳೆ ಸಂಜಿಗೆ ಮನ್ಯಾಗ ದೀಪ ಹಚ್ಚೋಣಂತ. ನಾಕು ಸಾಕೇನು?" ಎಂದು ಅಜ್ಜಿಯು ಕೇಳಿದಳು. "ಸಾಕು, ಅಜ್ಜಿ" ಎಂದು ಅವಳು ಉತ್ತರಿಸಿದ್ದು ನಮಗೂ ಕೇಳಿಸಿತು.